ಟ್ಯಾಂಕಿನ ಚೈನು, ಐಡ್ಲರು, ವೆದರಿಂಗು: ನಿಮ್ಮ ಕಡೆ ಏನಂತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾರವಾರದಲ್ಲಿರುವ ನಮ್ಮ ಭಾವ ಒಂದು ಟ್ಯಾಂಕ್ ಕಟ್ಟುತ್ತಿದ್ದಾರೆ. ನೀರಿನ ಟ್ಯಾಂಕ್ ಅಲ್ಲ, ಯುದ್ಧದ್ದು. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸ್ಟುವರ್ಟ್ ಟ್ಯಾಂಕಿನ ಮಾದರಿ, ರಿಮೋಟಿನಲ್ಲಿ ಓಡುವಂಥದ್ದು. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಯಲ್ಲಿ ನಮ್ಮ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರು ಮೇಲೆ ಹತ್ತಿಸಿದ್ದು ಇದೇ ಜಾತಿಯ ಟ್ಯಾಂಕುಗಳನ್ನು. ಅಸಲಿ ಟ್ಯಾಂಕು ಹೆಚ್ಚುಕಡಿಮೆ 4.8 ಮೀಟರ್ ಉದ್ದ. ಭಾವನದು ಆರರಲ್ಲೊಂದು ಪಾಲು, ಅಂದರೆ 80 ಸೆಂಟಿಮೀಟರ್.

ಗಾಲಿ, ಪಿನ್ನು ಎಲ್ಲ ಅಲ್ಲೇ ಒಂದು ಲೇಥ್ ಅಂಗಡಿಯಲ್ಲಿ ಮಾಡಿಸುತ್ತಿದ್ದಾರೆ. ಅಲ್ಲಿನ ಹುಡುಗರಿಗೆ ಕೊಡುವ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುವ ಕೆಲಸ ಶಿರಸಿಯಲ್ಲಿ ಕೂತ ನನ್ನ ಪಾಲಿಗೆ ಬಂದಿದೆ. ಪದಗಳು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಮೊದಲನೆಯದು ಟ್ರ್ಯಾಕ್, ಅಂದರೆ ಟ್ಯಾಂಕಿನ ಎರಡೂ ಬದಿಯಲ್ಲಿ ಗಾಲಿಗಳನ್ನು ಸುತ್ತಿಕೊಂಡು ನೆಲದ ಮೇಲೆ ಉರುಳುವ ಪಟ್ಟಿ. ಹೆದ್ದಾರಿ 66 ಅಗಲ ಮಾಡುವಾಗ ಕರಾವಳಿಯಲ್ಲಿ ಹಿಟಾಚಿ ಓಡಿಸಿದವರು ಇದನ್ನು ‘ಚೈನ್’ ಅಂತಲೇ ಅನ್ನುತ್ತಾರೆ. ಟಯರ್ ಇದ್ದರೆ ಟಯರ್ ಗಾಡಿ, ಇದಿದ್ದರೆ ಚೈನ್ ಗಾಡಿ. ಲೇಥ್ ಹುಡುಗರಿಗೂ ಅದೇ ಮಾತು ಗೊತ್ತು. ನಾನೂ ಅದನ್ನೇ ಬರೆದುಬಿಡುತ್ತಿದ್ದೆ. ಆದರೆ ಮಾದರಿಯ ಒಳಗೆ ಮೋಟಾರಿನಿಂದ ಹಲ್ಲುಚಕ್ರಕ್ಕೆ ಹೋಗುವ ಇನ್ನೊಂದು ಚೈನ್ ಇದೆ, ಸೈಕಲ್ಲಿನದ್ದರ ಥರ. ‘ಚೈನ್ ಬಿಗಿ ಮಾಡಿ’ ಅಂದರೆ ಯಾವುದನ್ನು? ಸದ್ಯಕ್ಕೆ ಒಳಗಿನದನ್ನು ಚೈನ್ ಅಂತಲೂ ಹೊರಗಿನದನ್ನು ‘ಪಟ್ಟಾ’ ಅಂತಲೂ ಬರೆದಿದ್ದೇನೆ. ಗಿರಣಿಯಲ್ಲಿ ಬೆಲ್ಟಿಗೆ ಪಟ್ಟಾ ಅನ್ನುವುದುಂಟು. ಹಾಗಾಗಿ ಇದೂ ಪೂರ್ತಿ ಸರಿ ಅನಿಸುತ್ತಿಲ್ಲ. ‘ಚಲನಪಟ್ಟಿಕೆ’ ಅಂತ ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಬೇಡ. ಸ್ಪ್ಯಾನರ್ ಹಿಡಿದವನ ಬಾಯಲ್ಲಿ ನಿಲ್ಲಬೇಕು.

ಪಟ್ಟಾದ ಒಳಗಿನ ಭಾಗಗಳಿಗೆ ಮಾತ್ರ ಕನ್ನಡ ಸಲೀಸಾಗಿ ಬಂತು. ಸ್ಟುವರ್ಟಿನ ಪಟ್ಟಾ ಅಂದರೆ ರಬ್ಬರ್ ಹೊದಿಸಿದ ತುಂಡುಗಳ ಸಾಲು. ಒಂದೊಂದು ತುಂಡಿನಲ್ಲೂ ಎರಡು ಉಕ್ಕಿನ ಪಿನ್ನು ಅಡ್ಡ ಹೋಗಿರುತ್ತವೆ. ಪಕ್ಕಪಕ್ಕದ ತುಂಡುಗಳ ಪಿನ್ನುಗಳನ್ನು ಎರಡೂ ತುದಿಯಲ್ಲಿ ಒಂದು ಕಬ್ಬಿಣದ ಜೋಡಣೆ ಹಿಡಿದಿಟ್ಟಿರುತ್ತದೆ. ಅದು ಜಾರದಂತೆ ನಡುವೆ ಒಂದು ಚೂಪು ತುಂಡನ್ನು ನಟ್ಟು ತಿರುಗಿಸಿ ಬಿಗಿಯುತ್ತಾರೆ. ರಬ್ಬರ್ ತುಂಡಿಗೆ ‘ಹಲಗೆ’, ಪಿನ್ನಿಗೆ ‘ಕೀಲು’, ಜೋಡಣೆಗೆ ‘ಕೊಂಡಿ’, ಚೂಪು ತುಂಡಿಗೆ ‘ಬೆಣೆ’ ಅಂತ ಬರೆದೆ. ಹುಡುಗರು ಒಂದನ್ನೂ ತಿರುಗಿ ಕೇಳಲಿಲ್ಲ. ಬೆಣೆ ಅಂದಕೂಡಲೇ ಒಬ್ಬ ಕೊಡಲಿ ಕಾವಿಗೆ ಬಡಿಯುವುದನ್ನು ಕೈಯಲ್ಲೇ ತೋರಿಸಿದನಂತೆ.

ಐಡ್ಲರ್ ಚಕ್ರದ್ದು, ಅಂದರೆ ಪಟ್ಟಾ ಇನ್ನೊಂದು ತುದಿಯಲ್ಲಿ ಸುತ್ತಿ ಬರುವ ಚಕ್ರದ್ದು, ಬೇರೆಯೇ ತಕರಾರು. ಸ್ಟುವರ್ಟಿನಲ್ಲಿ ಓಡಿಸುವ ಹಲ್ಲುಚಕ್ರ ಮುಂದಿದೆ, ಐಡ್ಲರ್ ಹಿಂದಿದೆ. ಅದಕ್ಕೆ ಹಲ್ಲಿಲ್ಲ, ಮೋಟಾರಿನ ಬಲವೂ ಇಲ್ಲ. ಇಂಗ್ಲಿಷಿನವರು ಸೋಮಾರಿ ಅಂತ ಹೆಸರಿಟ್ಟರು. ನನಗಿದು ಅನ್ಯಾಯ ಅನಿಸುತ್ತದೆ. ಪಟ್ಟಾದ ಬಿಗಿ ಪೂರ್ತಿ ನಿಂತಿರುವುದು ಇದರ ಮೇಲೆ. ಬಿಗಿ ಸಡಿಲಾದರೆ ಮರಳಲ್ಲಿ ತಿರುಗುವಾಗ ಪಟ್ಟಾ ಕಳಚಿ ಬೀಳುತ್ತದೆ. ಅತಿಯಾದರೆ ಬೇರಿಂಗ್ ಸವೆದು ಬ್ಯಾಟರಿ ಬೇಗ ಖಾಲಿ. ಸ್ಟುವರ್ಟಿನದ್ದಂತೂ ದೊಡ್ಡ ಗಾತ್ರದ್ದು, ನೆಲಕ್ಕೇ ತಾಗಿಕೊಂಡು ಭಾರವನ್ನೂ ಹೊರುತ್ತದೆ. ‘ಬಿಗಿಗಾಲಿ’ ಅಂತ ಇಟ್ಟಿದ್ದೇನೆ. ಹೇಗಿದೆ?

ಅಳತೆಯ ವಿಷಯದಲ್ಲಿ ಒಂದು ಖುಷಿ ಸಿಕ್ಕಿತು. ರಿಮೋಟ್ ಟ್ಯಾಂಕುಗಳಲ್ಲಿ ಜಾಸ್ತಿ ಸಿಗುವುದು ಹದಿನಾರರಲ್ಲೊಂದು ಅಳತೆಯವು. ಹದಿನಾರರಲ್ಲೊಂದಕ್ಕೆ ನಮ್ಮಲ್ಲಿ ‘ವೀಸ’ ಅನ್ನುವ ಹಳೇ ಲೆಕ್ಕದ ಪದ ಇದೆ ಅಲ್ವಾ? ಹಾಗಾದರೆ ಅದು ವೀಸದ ಟ್ಯಾಂಕು! ಆರರಲ್ಲೊಂದಕ್ಕೆ ಮಾತ್ರ ಇಂಥ ಪದ ಕಾಣಲಿಲ್ಲ. ಅರೆ, ಕಾಲು, ಅರೆಕಾಲು, ವೀಸ ಅಂತ ಅರ್ಧರ್ಧ ಮಾಡುತ್ತ ಹೋದ ಲೆಕ್ಕದಲ್ಲಿ ಆರಕ್ಕೆ ಜಾಗ ಇಲ್ಲ. ಇನ್ನೊಂದು ಮಾತು, ಉದ್ದ ಆರರಲ್ಲೊಂದಾದರೆ ತೂಕ ಆರರಲ್ಲೊಂದಾಗುವುದಿಲ್ಲ. ಅಸಲಿ ಸ್ಟುವರ್ಟ್ ಸುಮಾರು 15 ಟನ್. ಉದ್ದ, ಅಗಲ, ಎತ್ತರ ಮೂರೂ ಆರರಲ್ಲೊಂದಾಗುವುದರಿಂದ, ಅದೇ ಉಕ್ಕಲ್ಲಿ ಹಾಗೇ ಮಾಡಿದರೆ 216ರಲ್ಲಿ (6×6×6) ಒಂದು ಪಾಲು, ಅಂದರೆ ಸುಮಾರು 70 ಕಿಲೋ. ಭಾವ ಇದನ್ನು ಹೇಳಿದ ಮೇಲೆ ಅಕ್ಕ ಅದನ್ನು ಮಹಡಿಗೆ ಹತ್ತಿಸುವುದು ಬೇಡ ಅಂದಿದ್ದಾರೆ.

ನಿಜವಾಗಿ ಸೋತಿರುವುದು ‘ವೆದರಿಂಗ್’ ಎದುರು. ಹೊಸದಾಗಿ ಹಸಿರು ಬಳಿದ ಟ್ಯಾಂಕು ಆಟದ ಸಾಮಾನಿನ ಹಾಗೆ ಕಾಣುತ್ತದೆ. ಅದನ್ನು ಯುದ್ಧ ಕಂಡು ಬಂದದ್ದರ ಹಾಗೆ ಮಾಡುವುದೇ ಈ ಕೆಲಸ. ಭಾವ ಸ್ಪಾಂಜಿನ ಚೂರನ್ನು ಕಂದು ಬಣ್ಣದಲ್ಲಿ ಅದ್ದುತ್ತಾರೆ. ಕಾಗದದ ಮೇಲೆ ಒತ್ತಿ ಒತ್ತಿ ಬಹುಪಾಲು ಬಣ್ಣ ತೆಗೆಯುತ್ತಾರೆ. ಆಮೇಲೆ ಮುಚ್ಚಳದ ಅಂಚಿಗೆ, ಸೈನಿಕರು ಕಾಲಿಟ್ಟು ಹತ್ತುವ ಜಾಗಕ್ಕೆ ಮೆಲ್ಲಗೆ ತಟ್ಟುತ್ತಾರೆ. ಬಣ್ಣ ಹಾರಿದ ಹಾಗೇ ಕಾಣುತ್ತದೆ. ತೆಳ್ಳಗೆ ಕಲಸಿದ ಕಪ್ಪು ಎಣ್ಣೆಬಣ್ಣವನ್ನು ರಿವೆಟ್ಟುಗಳ ಸುತ್ತ ಹರಿಬಿಡುತ್ತಾರೆ. ಚಿರೇಕಲ್ಲಿನ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಗಾಲಿಗಳ ಮೇಲೆ ಉದುರಿಸುತ್ತಾರೆ. ಜೋಜಿಲಾದಲ್ಲಿ ಚಿರೇಕಲ್ಲು ಎಲ್ಲಿತ್ತು ಅಂತ ಕೇಳಿದೆ. ಇದು ಕಾರವಾರದಲ್ಲಿ ಓಡುವ ಟ್ಯಾಂಕು ಅಂದರು.

ಈ ಒಂದೊಂದಕ್ಕೂ ನಮ್ಮಲ್ಲಿ ಪದ ಇದೆ. ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು. ಬಣ್ಣ ಚಕ್ಕೆ ಏಳುತ್ತದೆ, ಹೊಪ್ಪಳೆ ಏಳುತ್ತದೆ. ಗೀರು, ಜಿಡ್ಡು, ಮಸಿ, ಸವಕಲು. ಬಿಸಿಲಿಗೆ ಮಾಸುವುದು ಒಂದು, ಮುಟ್ಟಿ ಮುಟ್ಟಿ ನುಣುಪಾಗುವುದು ಇನ್ನೊಂದು. ಇವೆಲ್ಲ ತಾವಾಗಿ ಆಗುವಂಥವು. ಬೇಕೆಂದೇ, ಕೈಯಾರೆ, ಇಷ್ಟನ್ನೂ ಒಟ್ಟಿಗೆ ಮಾಡುವುದಕ್ಕೆ ಒಂದು ಕ್ರಿಯಾಪದ ಬೇಕು. ‘ಮಾಸಿಸು’ ಅಂದರೆ ಬಣ್ಣ ಪೇಲವ ಮಾಡಿದ ಹಾಗೆ ಮಾತ್ರ ಕೇಳಿಸುತ್ತದೆ. ‘ಹಳತು ಮಾಡು’ ಹತ್ತಿರ ಬರುತ್ತದೆ. ಆದರೆ ನಿನ್ನೆ ಫ್ಯಾಕ್ಟರಿಯಿಂದ ಬಂದು ಇವತ್ತು ಕೆಸರಲ್ಲಿ ಹೂತ ಟ್ಯಾಂಕು ಹಳತಲ್ಲವಲ್ಲ. ವಿಗ್ರಹ ಕೆತ್ತುವ ಗುಡಿಗಾರರಲ್ಲಿ, ಯಕ್ಷಗಾನದ ವೇಷಭೂಷಣ ಮಾಡುವವರಲ್ಲಿ ಹೊಸದನ್ನು ಹಳೇದರಂತೆ ಕಾಣಿಸುವ ಕೆಲಸಕ್ಕೆ ಏನಾದರೂ ಮಾತಿದೆಯಾ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಓಡಿಸುವ ಮಾತುಗಳಲ್ಲಿ ತೊಂದರೆ ಇಲ್ಲ. ಒಂದು ಬದಿಯ ಪಟ್ಟಾ ನಿಧಾನ ಮಾಡಿದರೆ ಗಾಡಿ ಆ ಬದಿಗೆ ‘ಹೊರಳುತ್ತದೆ’. ಒಂದು ಮುಂದೆ ಒಂದು ಹಿಂದೆ ಓಡಿಸಿದರೆ ನಿಂತಲ್ಲೇ ‘ಗಿರಕಿ’ ಹೊಡೆಯುತ್ತದೆ. ಅಸಲಿ ಸ್ಟುವರ್ಟ್ ಗಿರಕಿ ಹೊಡೆಯುತ್ತಿರಲಿಲ್ಲ, ಅದರ ಗೇರಿನ ಏರ್ಪಾಡು ಬೇರೆ. ಮಾದರಿಗೆ ಎರಡು ಮೋಟಾರು, ಹಾಗಾಗಿ ಹೊಡೆಯುತ್ತದೆ. ಭಾವನಿಗೆ ಇದು ಇಷ್ಟ ಇಲ್ಲ, ನೋಡಲು ಬರುವ ಮಕ್ಕಳಿಗೆ ಬೇಕಾಗಿರುವುದು ಇದೊಂದೇ.

ಹಾಗೆ ನೋಡಿದರೆ ಹೊರಗಿನಿಂದ ಟ್ಯಾಂಕ್ ನಡೆಸುವುದು ಕಾರವಾರಕ್ಕೆ ಹೊಸತಲ್ಲ. ಚೆಂಡಿಯಾದ ರಾಮ ರಾಘೋಬಾ ರಾಣೆಯವರು 1948ರ ಏಪ್ರಿಲ್‌ನಲ್ಲಿ ರಜೌರಿಯ ದಾರಿಯಲ್ಲಿ ನೆಲಬಾಂಬುಗಳ ನಡುವೆ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ನಿಲ್ಲು, ಹೊರಡು ಅಂತ ಚಾಲಕನಿಗೆ ಹಗ್ಗ ಎಳೆದು ತಿಳಿಸಿದವರು. ಪರಮವೀರ ಚಕ್ರ ಬಂದದ್ದು ಆ ಕೆಲಸಕ್ಕೆ. ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಹತ್ತಿರ ಅವರ ಪ್ರತಿಮೆ ಇದೆ.

ಕೊನೆಗೊಂದು ಸಣ್ಣ ಪ್ರಶ್ನೆ. ಪತ್ರಿಕೆಗಳಲ್ಲಿ ‘ಯುದ್ಧ ಟ್ಯಾಂಕರ್’ ಅಂತ ಆಗಾಗ ನೋಡುತ್ತೇನೆ. ಟ್ಯಾಂಕರ್ ಅಂದರೆ ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ನೀರು ತರುವ ಲಾರಿ. ಟಿಪ್ಪಣಿಯಲ್ಲಿ ‘ಟ್ಯಾಂಕು’ ಅಂತ ಉಕಾರ ಹಚ್ಚಿದ್ದೇನೆ, ‘ಟ್ಯಾಂಕಿನ’, ‘ಟ್ಯಾಂಕಿಗೆ’ ಅಂತ ವಿಭಕ್ತಿ ಹಚ್ಚಲು ಸುಲಭ. ಭಾವ ಮಾತ್ರ ‘ಟ್ಯಾಂಕ್’ ಅಂತಲೇ ಇರಲಿ ಅನ್ನುತ್ತಾರೆ. ನೀವು ಹೇಗೆ ಬರೆಯುತ್ತೀರಿ?