ಥೈಲಕೊಸ್ಮಿಲಸ್ ಮಾರ್ಸೂಪಿಯಲ್ಲಾ, ಅಲ್ವಾ? ಸ್ಪಾರಾಸೊಡಾಂಟಾ ಗಣದ ಬಗ್ಗೆ ಯಾರಾದ್ರೂ ಬಿಡಿಸಿ ಹೇಳಿ

ಕಾಡುದಾರಿ:
ದಕ್ಷಿಣ ಅಮೆರಿಕದ ಹಳೇ ಬೇಟೆಪ್ರಾಣಿಗಳ ಬಗ್ಗೆ ಓದ್ತಾ ಥೈಲಕೊಸ್ಮಿಲಸ್ ಹತ್ರ ಸಿಕ್ಕಾಕೊಂಡಿದೀನಿ. ಒಂದು ಕಡೆ ಇದನ್ನ ಕತ್ತಿಹಲ್ಲಿನ ಮಾರ್ಸೂಪಿಯಲ್ (ಕಾಂಗರೂ ಗುಂಪಿನ ಸಸ್ತನಿ) ಅಂತಾನೇ ಬರೆದಿದಾರೆ, ಇನ್ನೊಂದು ಕಡೆ ಇದು ಮಾರ್ಸೂಪಿಯಲ್ಲೇ ಅಲ್ಲ, ಸ್ಪಾರಾಸೊಡಾಂಟಾ ಅನ್ನೋ ಬೇರೆ ಗಣ, ಪೂರ್ತಿ ಅಳಿದು ಹೋಗಿದೆ ಅಂತಾರೆ, ಮತ್ತೊಂದು ಹಳೇ ಬರಹದಲ್ಲಿ ತೋಳದಂತಿದ್ದ, ಈಗ ಅಳಿದಿರೋ ಮಾರ್ಸೂಪಿಯಲ್ ಆದ ಟಾಸ್ಮೇನಿಯಾದ ಥೈಲಸೀನ್‌ಗೆ ಹತ್ತಿರದ ನೆಂಟ ಅಂತ ಇತ್ತು. ಯಾವುದು ಸರಿ? ಹೊಟ್ಟೇಲಿ ಚೀಲ ಇದ್ರೆ ಮಾರ್ಸೂಪಿಯಲ್, ಇಲ್ದಿದ್ರೆ ಅಲ್ಲ, ಅಷ್ಟೇನಾ? ಆದ್ರೆ ಚೀಲ ಪಳೆಯುಳಿಕೆ ಆಗಿ ಉಳಿಯಲ್ವಲ್ಲ, ಮತ್ತೆ ಹೇಗೆ ತೀರ್ಮಾನ ಮಾಡ್ತಾರೆ?

ದವಡೆಮೂಳೆ:
ಚೀಲವನ್ನ ಪಕ್ಕಕ್ಕಿಡಿ, ಬದುಕಿರೋ ಎಲ್ಲಾ ಮಾರ್ಸೂಪಿಯಲ್‌ಗಳಿಗೂ ಸರಿಯಾದ ಚೀಲ ಇಲ್ಲ, ಎಷ್ಟೋ ಸಣ್ಣ ಒಪೋಸಮ್‌ಗಳಿಗೆ ಚೀಲಾನೇ ಇಲ್ಲ. ಈಗ ಮಾರ್ಸೂಪಿಯಲ್ ಅನ್ನೋದನ್ನ ವಂಶವೃಕ್ಷದ ಮೇಲೆ ಗೆರೆ ಎಳೆದು ಹೇಳ್ತಾರೆ. ಇವತ್ತು ಬದುಕಿರೋ ಒಪೋಸಮ್, ಕಾಂಗರೂ, ಕೋವಾಲಾ ಇವೆಲ್ಲಕ್ಕೂ ಕೊನೇ ಸಮಾನ ಪೂರ್ವಜ ಯಾವುದೋ ಅದು, ಮತ್ತೆ ಅದರಿಂದ ಹುಟ್ಟಿದ್ದೆಲ್ಲಾ ಮಾರ್ಸೂಪಿಯಲ್. ಸ್ಪಾರಾಸೊಡಾಂಟ್‌ಗಳು ಆ ಪೂರ್ವಜನಿಗಿಂತ ಮುಂಚೆನೇ ಕವಲೊಡೆದವು ಅಂತ ಇತ್ತೀಚಿನ ಹೆಚ್ಚಿನ ವಿಶ್ಲೇಷಣೆಗಳು ತೋರಿಸ್ತವೆ. ಅಂದ್ರೆ ಮುತ್ತಜ್ಜನ ಸಂತಾನ ಅಲ್ಲ, ಮುತ್ತಜ್ಜನ ತಮ್ಮನ ಸಂತಾನ. ಎರಡೂ ಸೇರೋ ದೊಡ್ಡ ಗುಂಪಿನ ಹೆಸರು ಮೆಟಾಥೀರಿಯಾ. ಹಾಗಾಗಿ ಅವು ಮೆಟಾಥೀರಿಯನ್ ಹೌದು, ಮಾರ್ಸೂಪಿಯಲ್ ಅಲ್ಲ. ಹಳೇ ಪುಸ್ತಕಗಳಲ್ಲಿ ಮಾರ್ಸೂಪಿಯಲ್ ಅಂತ ಇದ್ರೆ ಅವರು ಆ ಹೆಸರನ್ನ ಮೆಟಾಥೀರಿಯಾದಷ್ಟೇ ಅಗಲವಾಗಿ ಬಳಸ್ತಾ ಇದ್ರು, ಅದರಿಂದಾನೇ ನಿಮಗೆ ಗೊಂದಲ ಆಗಿರೋದು.

ಮೆಟಾಥೀರಿಯನ್ ಅಂತ ಗೊತ್ತಾಗೋದು ಹಲ್ಲು, ದವಡೆಯಿಂದ. ಒಂದೊಂದು ಬದಿಗೆ ಮೂರು ಮುಂದವಡೆ ಹಲ್ಲು, ನಾಲ್ಕು ದವಡೆ ಹಲ್ಲು, ಕೆಳದವಡೆಯ ಹಿಂಭಾಗದ ಮೂಲೆ ಒಳಗಡೆಗೆ ಬಾಗಿರುತ್ತೆ. ಇದು ಸ್ಪಾರಾಸೊಡಾಂಟ್‌ಗಳಲ್ಲಿ ಇದೆ. ಆದ್ರೆ ಇವತ್ತಿನ ಬಹುತೇಕ ಮಾರ್ಸೂಪಿಯಲ್‌ಗಳ ಅಂಗುಳದ ಮೂಳೇಲಿ ದೊಡ್ಡ ತೂತುಗಳಿರ್ತವೆ, ಇವುಗಳ ಅಂಗುಳ ಗಟ್ಟಿ, ತೂತಿಲ್ಲ.

ಹಳೇಕಲ್ಲು:
ಥೈಲಸೀನ್ ನಂಟಿನ ಕಥೆ ಸೇರಿಸ್ತೀನಿ, ಈ ಗಣದಲ್ಲಿ ನನಗೆ ತುಂಬಾ ಇಷ್ಟದ ಭಾಗ ಅದು. ಗಣಕ್ಕೆ ಹೆಸರಿಟ್ಟವರು ಅರ್ಜೆಂಟೀನಾದ ಫ್ಲೊರೆಂಟಿನೊ ಅಮೆಗಿನೊ, 1894ರಲ್ಲಿ. ಅವರು ಇವನ್ನ ಹಳೇ ಮಾಂಸಾಹಾರಿ ಪ್ಲಸೆಂಟಲ್ (ಮರಿ ಗರ್ಭದಲ್ಲೇ ಪೂರ್ತಿ ಬೆಳೆಯೋ) ಸಸ್ತನಿಗಳ ಕಡೆ ಜೋಡಿಸೋಕೆ ನೋಡಿದ್ರು. 1906ರಲ್ಲಿ ವಿಲಿಯಂ ಸಿಂಕ್ಲೇರ್ ಪ್ಯಾಟಗೋನಿಯಾದ ಸಾಂತಾ ಕ್ರೂಸ್ ಪಳೆಯುಳಿಕೆಗಳನ್ನ ಕೂಲಂಕಷವಾಗಿ ನೋಡಿ ಇವು ಥೈಲಸೀನ್ ಕಡೆಯವು ಅಂದ್ರು, ಈ ಗಣದ ಬೋರ್‌ಹಯೀನಾ ತಲೆಬುರುಡೆ ನೋಡಿದ್ರೆ ಯಾರಿಗಾದ್ರೂ ಹಾಗನ್ಸುತ್ತೆ. ಆಮೇಲೆ ಎಷ್ಟೋ ದಶಕ ಇದೇ ಜಗಳ, ಯಾಕಂದ್ರೆ ಮಾಂಸ ಕತ್ತರಿಸೋ ಹಲ್ಲು ಬೇಕು ಅಂದ್ರೆ ಬೇರೆ ಬೇರೆ ವಂಶಗಳೂ ಒಂದೇ ಆಕಾರಕ್ಕೆ ಬಂದುಬಿಡ್ತವೆ, ಹಲ್ಲಿನ ಹೋಲಿಕೆ ನಂಬಿದ್ರೆ ಮೋಸ ಹೋಗ್ತೀವಿ. 1989ರಲ್ಲಿ ಮ್ಯೂಸಿಯಂ ಚರ್ಮದಿಂದ ತೆಗೆದ ಥೈಲಸೀನ್ ಡಿಎನ್‌ಎ ಆಸ್ಟ್ರೇಲಿಯಾದ ಮಾಂಸಾಹಾರಿ ಮಾರ್ಸೂಪಿಯಲ್‌ಗಳಾದ ಡ್ಯಾಸಿಯುರಿಡ್‌ಗಳ ಕಡೆಗೇ ಬೆರಳು ತೋರಿಸ್ತು. ಸ್ಪಾರಾಸೊಡಾಂಟ್‌ಗಳ ಡಿಎನ್‌ಎ ಇಲ್ಲ, ಮೂಳೆನೇ ಗತಿ. 2009ರಲ್ಲಿ ಅನಲಿಯಾ ಫೊರಾಸಿಯೆಪಿ ಆರ್ಕ್ಟೋಡಿಕ್ಟಿಸ್ ಅನ್ನೋ ಸ್ಪಾರಾಸೊಡಾಂಟ್‌ನ ಅಸ್ಥಿಪಂಜರದ ಮೇಲೆ ಮಾಡಿದ ಕೆಲಸ ಇವನ್ನ ಮಾರ್ಸೂಪಿಯಲ್ ಗೆರೆಯಿಂದ ಆಚೆಗೆ ಇಟ್ಟಿದ್ದು.

ಕಾಡುದಾರಿ:
ಈಗ ಅರ್ಥ ಆಯ್ತು, ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು ಕೇಳ್ಬಿಡ್ತೀನಿ, ಕತ್ತಿಹಲ್ಲಿನ ಬೆಕ್ಕು ಸ್ಮೈಲೊಡಾನ್ ಬಂದು ಥೈಲಕೊಸ್ಮಿಲಸ್‌ನ ಓಡಿಸ್ತು ಅಂತ ಓದಿದ್ದೆ, ಅದು?

ದವಡೆಮೂಳೆ:
ಕಾಲ ಕೂಡಿ ಬರಲ್ಲ. ಥೈಲಕೊಸ್ಮಿಲಸ್ ಸುಮಾರು 30 ಲಕ್ಷ ವರ್ಷದ ಹಿಂದೇನೇ ಮುಗಿದು ಹೋಗುತ್ತೆ, ದಕ್ಷಿಣ ಅಮೆರಿಕದಲ್ಲಿ ಸ್ಮೈಲೊಡಾನ್ ಮೂಳೆಗಳು ಸಿಗೋದು ಅದಾದ ಎಷ್ಟೋ ಕಾಲದ ಮೇಲೆ. ಎರಡರ ಹಲ್ಲೂ ಒಂದೇ ಅನ್ಕೋಬೇಡಿ. ಥೈಲಕೊಸ್ಮಿಲಸ್‌ನ ಕೋರೆಹಲ್ಲಿನ ಬೇರು ತೆರೆದೇ ಇರುತ್ತೆ, ಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ, ಬೇರು ತಲೆಬುರುಡೆ ಒಳಗೆ ಕಣ್ಣಿನ ಗೂಡಿನ ಮೇಲ್ಗಡೆವರೆಗೂ ಹೋಗುತ್ತೆ. ಸ್ಮೈಲೊಡಾನ್ ಹಲ್ಲು ಒಂದು ಹಂತಕ್ಕೆ ಬಂದು ನಿಂತುಬಿಡುತ್ತೆ. 1933ರಲ್ಲಿ ಎಲ್ಮರ್ ರಿಗ್ಸ್ ಇದಕ್ಕೆ ಹೆಸರಿಟ್ಟಾಗಿಂದ ಎಲ್ಲರೂ ಬೆಕ್ಕಿನ ಜೊತೆಗೇ ಹೋಲಿಸ್ತಾರೆ, ಆದ್ರೆ 2020ರಲ್ಲಿ ಬಂದ ಒಂದು ಅಧ್ಯಯನ ಇದು ಬೆಕ್ಕಿನ ತರ ಇರಿದು ಕೊಲ್ತಾ ಇರ್ಲಿಲ್ಲ ಅಂತ ವಾದ ಮಾಡ್ತು. ನನಗೂ ಅದೇ ಸರಿ ಅನ್ಸುತ್ತೆ, ಸುಮ್ನೆ ಬೆಕ್ಕಿನ ಅಚ್ಚಲ್ಲಿ ಹಾಕೋದು ಈ ಪ್ರಾಣಿಗೆ ಅನ್ಯಾಯ.

ಬುರುಡೆಲೆಕ್ಕ:
ಒಂದು ಎಚ್ಚರಿಕೆ. ಗಣದ ಒಳಗಿನ ಬೋರ್‌ಹಯೀನಿಡ್, ಹಾತ್ಲಿಯಾಸಿನಿಡ್, ಥೈಲಕೊಸ್ಮಿಲಿಡ್ ತರದ ಕುಟುಂಬಗಳ ಬಗ್ಗೆ ಅಷ್ಟು ತಕರಾರಿಲ್ಲ, ತಕರಾರು ಇರೋದು ಬುಡದಲ್ಲಿ. ಬೊಲಿವಿಯಾದ ಟಿಯುಪಂಪಾದಲ್ಲಿ ಸಿಕ್ಕ ಮೇಯುಲೆಸ್ಟೆಸ್ ಅನ್ನೋ ಪ್ರಾಣಿ, 6 ಕೋಟಿ ವರ್ಷಕ್ಕೂ ಹಳೇದು, ಅದನ್ನ ಕ್ರಿಶ್ಚಿಯನ್ ದ ಮ್ಯುಜಾನ್ ಈ ಗಣದಲ್ಲೇ ಸೇರಿಸ್ತಾರೆ, ಬೇರೆ ಕೆಲವರ ವಂಶವೃಕ್ಷದಲ್ಲಿ ಅದು ಹೊರಗೆ ಬೀಳುತ್ತೆ. ಹಾಗಾಗಿ ಸ್ಪಾರಾಸೊಡಾಂಟಾ ಯಾವಾಗ ಶುರುವಾಯ್ತು ಅಂತ ಎಲ್ಲಾದ್ರೂ ಓದಿದ್ರೆ, ಮೇಯುಲೆಸ್ಟೆಸ್‌ನ ಒಳಗೆ ಲೆಕ್ಕ ಹಿಡಿದಿದಾರಾ ಹೊರಗಾ ಅಂತ ಮೊದಲು ನೋಡಿ.