ಪುಣೆಯಲ್ಲಿ ತಮ್ಮನಿಗೆ ಮೊದಲ ಸೆಕ್ಯುರಿಟಿ ಗಾರ್ಡ್ ಕೆಲಸ: ಏನು ಕೇಳಬೇಕು, ಏನು ಕೊಡಬಾರದು?

ಭೀಮಾತೀರದವ:
ನಮಸ್ಕಾರ ರೀ. ನಮ್ಮ ತಮ್ಮ ವಿಜಯಪುರ ಜಿಲ್ಲೆಯ ಇಂಡಿ ಊರಿಂದ ಪಿಂಪರಿಗೆ ಬಂದಾನ. ವಯಸ್ಸು 19, ಪಿಯುಸಿ ಪಾಸ್, ಎತ್ತರ 5 ಅಡಿ 6 ಇಂಚು. ಹಿಂದಿ ನಡೀತದ, ಮರಾಠಿ ತಿಳೀತದ ಆದರ ಮಾತಾಡಾಕ ತಡವರಿಸ್ತಾನ. ಒಂದು ಏಜೆನ್ಸಿಯವರು "ನಾಳೆನೇ ಡ್ಯೂಟಿ, ತಿಂಗಳಿಗೆ 18,000" ಅಂತಾರ. ಆದರ ರಜಿಸ್ಟ್ರೇಶನ್ ಮತ್ತ ಯೂನಿಫಾರ್ಮ್ ಅಂತ ಮೊದಲು 3,500 ಕಟ್ಟಬೇಕಂತ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಆಫೀಸಿನಾಗ ಇಡಬೇಕಂತ. ಇದು ಎಲ್ಲಾ ಕಡೆ ಹಿಂಗೇ ಇರ್ತದೇನ್ರಿ? ಸೇರೋಕಿಂತ ಮೊದಲು ಏನೇನು ಕೇಳಬೇಕು? ಮೊದಲ ಸಲಕ್ಕ ಸೊಸೈಟಿ (ಅಪಾರ್ಟ್‌ಮೆಂಟ್) ಚಲೋನೋ, ಕಂಪನಿ ಗೇಟ್ ಚಲೋನೋ?

ಚಾಕಣ್ ಗೇಟ್:
ಒರಿಜಿನಲ್ ಯಾರಿಗೂ ಬಿಟ್ಟುಕೊಡಬೇಡಿ. ತೋರಿಸಿ, ಜೆರಾಕ್ಸ್ ಮೇಲೆ ಸಹಿ ಮಾಡಿ, ಪಕ್ಕದಲ್ಲಿ ತಾರೀಖು ಮತ್ತು "ಗಾರ್ಡ್ ಕೆಲಸದ ಅರ್ಜಿಗೆ ಮಾತ್ರ" ಅಂತ ಬರೆದು ಕೊಡಿ. ಕಾರ್ಡ್ ಅವರ ಕಪಾಟಿನಲ್ಲಿದ್ದರೆ ಹುಡುಗ ಸಂಬಳ ಬರದಿದ್ದರೂ ಕೆಲಸ ಬಿಡಲಾರ, ಇಟ್ಟುಕೊಳ್ಳುವುದು ಅದಕ್ಕೇ. ರಜಿಸ್ಟ್ರೇಶನ್ ಹಣವನ್ನೂ ಕಟ್ಟಬೇಡಿ. ಯೂನಿಫಾರ್ಮಿಗೆ ಹಲವು ಏಜೆನ್ಸಿಗಳು ಸಂಬಳದಲ್ಲಿ ಕಂತಾಗಿ ಹಿಡಿಯುತ್ತವೆ. ಹಿಡಿದರೆ ಎಷ್ಟು, ಎಷ್ಟು ಕಂತು, ಬಿಡುವಾಗ ವಾಪಸ್ ಉಂಟಾ ಅನ್ನೋದು ಕಾಗದದ ಮೇಲೆ ಬರಲಿ. ಸೇರುವ ಮೊದಲೇ ನಗದು ಕೇಳುವವರಿಂದ ದೂರ ಇರುವುದೇ ಒಳ್ಳೆಯದು.

ಆಫೀಸಿಗೆ ಹೋದಾಗ ಗೋಡೆ ನೋಡಿ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ ಪ್ರಕಾರ ಏಜೆನ್ಸಿಗೆ ಲೈಸನ್ಸ್ ಬೇಕು, ಅದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಇಲ್ಲಿ ಎಲ್ಲರೂ ಅದಕ್ಕೆ "ಪಸಾರಾ" ಅಂತಾರೆ. ಮೂರು ವಿಷಯ ಓದಿಕೊಳ್ಳಿ: ಹೆಸರು ಇವರದೇನಾ, ಅವಧಿ ಮುಗಿದಿಲ್ಲವಾ, ಪುಣೆ ಜಿಲ್ಲೆ ಅದರಲ್ಲಿ ಸೇರಿದೆಯಾ. ಲೈಸನ್ಸ್ ಒಂದೇ ಜಿಲ್ಲೆಗೂ ಇರಬಹುದು, ಇಡೀ ರಾಜ್ಯಕ್ಕೂ ಇರಬಹುದು.

ವಯಸ್ಸು 18ರಿಂದ 65ರ ಒಳಗಿರಬೇಕು, ಅದು ಸರಿಹೋಯಿತು. ಗಂಡಸರಿಗೆ ಎತ್ತರ 160 ಸೆಂ.ಮೀ., ಎದೆ 80 ಸೆಂ.ಮೀ., ಉಸಿರು ತುಂಬಿದಾಗ ಇನ್ನೂ 4 ಹೆಚ್ಚಬೇಕು. ನಿಮ್ಮ ತಮ್ಮ 167ರ ಮೇಲೆ ಇದ್ದಾನೆ, ಚಿಂತೆ ಇಲ್ಲ. ಕಣ್ಣಿಗೆ ಕನ್ನಡಕ ಇದ್ದರೂ ನಡೆಯುತ್ತದೆ, ಆದರೆ ಬಣ್ಣಗುರುಡು ಇರಬಾರದು. ಓಟ 1 ಕಿ.ಮೀ. 6 ನಿಮಿಷದಲ್ಲಿ. ತರಬೇತಿ 100 ಗಂಟೆ ಪಾಠ, 60 ಗಂಟೆ ಮೈದಾನ, ಕನಿಷ್ಠ 20 ಕೆಲಸದ ದಿನಗಳಲ್ಲಿ. "ನಾಳೆನೇ ಡ್ಯೂಟಿ" ಅಂದರೆ ಈ ತರಬೇತಿಯನ್ನು ಹಾರಿಸುತ್ತಿದ್ದಾರೆ ಅಂತಲೇ ಅರ್ಥ. ತರಬೇತಿ ಎಲ್ಲಿ, ಆ ದಿನಗಳಿಗೆ ಹಣ ಕೊಡುತ್ತೀರಾ, ಸರ್ಟಿಫಿಕೇಟ್ ಯಾರ ಕೈಗೆ, ಇಷ್ಟು ಕೇಳಿ. ಏಜೆನ್ಸಿ ಬದಲಿಸುವಾಗ ಆ ಸರ್ಟಿಫಿಕೇಟ್ ಹುಡುಗನ ಕೈಯಲ್ಲಿರಬೇಕು.

ಹಡಪ್ಸರ್ ಪಗಾರ:
18,000 ಅಂದರು ಸರಿ, ಎಷ್ಟು ಗಂಟೆಗೆ ಅಂತ ಹೇಳಿದರಾ? ಮೊದಲು ಗಂಟೆ ಕೇಳ್ರಿ, ಆಮೇಲೆ ರೂಪಾಯಿ. 12 ಗಂಟೆ, 30 ದಿನ ಅಂದರೆ 360 ಗಂಟೆ. ಗಂಟೆಗೆ 50 ರೂಪಾಯಿ ಬಿತ್ತು. ಇನ್ನೊಬ್ಬ 15,000 ಅಂದು 8 ಗಂಟೆ, 26 ದಿನ ಕೊಟ್ಟರೆ 208 ಗಂಟೆ, ಗಂಟೆಗೆ 72. ಕಡಿಮೆ ಕಾಣುವ ಸಂಬಳವೇ ಇಲ್ಲಿ ಹೆಚ್ಚು, ಜೊತೆಗೆ ವಾರಕ್ಕೊಂದು ರಜೆ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ದರ ಕೊಡಬೇಕು ಅನ್ನುತ್ತದೆ ಕಾನೂನು. 12 ಗಂಟೆಯ ಡ್ಯೂಟಿಗೆ ಒಂದೇ ಗಟ್ಟಿ ಮೊತ್ತ ಹೇಳುವುದು ಆ ಲೆಕ್ಕ ಕಾಣಬಾರದು ಅಂತ.

ಎರಡನೆಯದು, ಕೈಗೆ ಎಷ್ಟು? ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000 ಇದ್ದರೆ ಪಿಎಫ್ 12 ಶೇಕಡಾ ಅಂದರೆ 1,800, ಇಎಸ್‌ಐ (ಕಾರ್ಮಿಕರ ಆಸ್ಪತ್ರೆ ವಿಮೆ) 0.75 ಶೇಕಡಾ ಅಂದರೆ 113, ಪ್ರೊಫೆಷನಲ್ ಟ್ಯಾಕ್ಸ್ 200. ಉಳಿಯುವುದು 12,887. ಫೆಬ್ರುವರಿಯಲ್ಲಿ ಟ್ಯಾಕ್ಸ್ 300, ಅದಕ್ಕೆ ಗಾಬರಿ ಬೇಡ. ಕಡಿತ ಇದ್ದರೆ ಒಳ್ಳೆಯದೇ, ಆದರೆ ಹಣ ನಿಜವಾಗಿ ಜಮಾ ಆಗುತ್ತಿದೆಯಾ ಅಂತ ಎರಡನೇ ತಿಂಗಳು ಸರ್ಕಾರದ ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ತೆಗೆದು ನೋಡಿ. ಸ್ಲಿಪ್ಪಿನಲ್ಲಿ ಕಡಿತ ಇದ್ದು ಪಾಸ್‌ಬುಕ್ ಖಾಲಿ ಇದ್ದರೆ ಆ ತಿಂಗಳೇ ಪಿಎಫ್ ಆಫೀಸಿಗೆ ದೂರು ಕೊಡಿ. ವರ್ಷ ಕಳೆದು ಏಜೆನ್ಸಿಯ ಕಾಂಟ್ರ್ಯಾಕ್ಟ್ ಹೋದ ಮೇಲೆ ಹಿಡಿಯುವುದು ಕಷ್ಟ. ಇಎಸ್‌ಐ ಕಾರ್ಡ್ ಕೇಳಿ ಪಡೆಯಿರಿ. ಪಿಂಪರಿಗೆ ಮೋಹನನಗರದ ಆಸ್ಪತ್ರೆ ಹತ್ತಿರ, ಪುಣೆ ಕಡೆಗೆ ಬಿಬವೇವಾಡಿ.

ಸಂಬಳ ಬ್ಯಾಂಕಿಗೇ ಬರಬೇಕು. "ಮೊದಲ ತಿಂಗಳದ್ದು ಹೋಲ್ಡ್" ಅಂದರೆ ಆ ಕಡೆ ಹೋಗಬೇಡಿ.

ಚಾಕಣ್ ಗೇಟ್:
ಸೊಸೈಟಿಯೋ ಕಂಪನಿಯೋ ಅಂದಿರಲ್ಲ, ಹೊಸ ಹುಡುಗನಿಗೆ ಕಂಪನಿ ಗೇಟ್ ಅನ್ನೋದು ನನ್ನ ಮಾತು. ಚಾಕಣ್, ರಾಂಜಣಗಾವ್, ಭೋಸರಿ ಕಡೆ ಒಂದು ಪಾಳಿಗೆ ಇಬ್ಬರು ಮೂವರು ಗಾರ್ಡ್ ಇರ್ತಾರೆ, ಮೇಲೆ ಸೂಪರ್‌ವೈಸರ್. ನೋಡಿ ಕಲಿಯಬಹುದು. ಸೊಸೈಟಿಯಲ್ಲಿ ರಾತ್ರಿ ಒಬ್ಬನೇ. ನೀರಿನ ಮೋಟರ್, ಲಿಫ್ಟ್, ಪಾರ್ಕಿಂಗ್ ಜಗಳ ಎಲ್ಲಾ ಅವನ ತಲೆಗೇ, ಅದೂ ಮರಾಠಿಯಲ್ಲಿ.

ಕಂಪನಿ ಗೇಟಿನಲ್ಲಿ ಹೊಸಬರ ಕೆಲಸ ಹೋಗುವುದು ಹೆಚ್ಚಾಗಿ ಗೇಟ್ ಪಾಸ್ ವಿಷಯಕ್ಕೆ. ಹೊರಗೆ ಹೋಗುವ ಮಾಲು ಎರಡು ತರಹ: ರಿಪೇರಿಗೆ ಹೋಗಿ ವಾಪಸ್ ಬರುವುದು, ಬರದೇ ಇರುವುದು. ಎರಡಕ್ಕೂ ಪಾಸ್ ಬೇರೆ. ಸಹಿ ಮಾಡಲು ಅಧಿಕಾರ ಇರುವವರ ಮಾದರಿ ಸಹಿಗಳ ಹಾಳೆ ಗೇಟಿನಲ್ಲೇ ಇರುತ್ತದೆ. ಪಾಸಿನ ಸಹಿಯನ್ನು ಅದರ ಜೊತೆ ಹೋಲಿಸಬೇಕು, ಮಾಲಿನ ನಗ (ಪೀಸ್) ಎಣಿಸಬೇಕು, ಗಾಡಿ ನಂಬರ್ ತಾಳೆ ನೋಡಬೇಕು, ಆಮೇಲೆ ಬಿಡಬೇಕು. "ಸಾಹೇಬರು ಫೋನ್‌ನಲ್ಲಿ ಹೇಳ್ಯಾರ" ಅನ್ನುವ ಡ್ರೈವರನ್ನು ಬಿಟ್ಟರೆ ಮಾಲು ಕಡಿಮೆ ಬಿದ್ದಾಗ ಹೊಣೆ ಗಾರ್ಡಿನದು. ರಜಿಸ್ಟರಿನಲ್ಲಿ ತಪ್ಪಿದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಲಿ, ಗೀಚಿ ಅಳಿಸಬಾರದು. ಪಾಳಿ ಬದಲಾಗುವಾಗ ಕೀಲಿ, ಟಾರ್ಚ್, ರಜಿಸ್ಟರ್ ಎಣಿಸಿ ಬರೆದುಕೊಂಡೇ ಚಾರ್ಜ್ ತಗೊಳ್ಳಲಿ. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿ ಇದೆಯಾ ಅನ್ನೋದೂ ಆಗಲೇ ನೋಡಬೇಕು. ಹಿಂದಿನ ಪಾಳಿಯವನು ಹೋದ ಮೇಲೆ ಕಂಡರೆ ಅದು ಇವನ ಪಾಳಿಯ ತಪ್ಪಾಗುತ್ತದೆ. ಬೆಂಕಿ ಬಿದ್ದರೆ 101, ಆಂಬುಲೆನ್ಸಿಗೆ 108, ಪೊಲೀಸರಿಗೆ 112. ಈ ಮೂರು ಬಾಯಿಪಾಠ ಇರಲಿ.

ಮರಾಠಿಗೆ ಸದ್ಯಕ್ಕೆ ನಾಲ್ಕು ಸಾಲು ಸಾಕು: "ಕುಠೇ ಜಾಯಚಂ ಆಹೇ?" (ಎಲ್ಲಿಗೆ ಹೋಗಬೇಕು?), "ಕೋಣಾಲಾ ಭೇಟಾಯಚಂ ಆಹೇ?" (ಯಾರನ್ನು ಭೇಟಿಯಾಗಬೇಕು?), "ಇಥೇ ಸಹೀ ಕರಾ" (ಇಲ್ಲಿ ಸಹಿ ಮಾಡಿ), "ಗಾಡಿ ಇಥೇ ಲಾವೂ ನಕಾ" (ಗಾಡಿ ಇಲ್ಲಿ ನಿಲ್ಲಿಸಬೇಡಿ). ಕೊನೆಗೆ "ಸರ್" ಅಥವಾ "ಮ್ಯಾಡಮ್" ಸೇರಿಸಿದರೆ ಮಾತು ಒರಟಾಗಲ್ಲ.

ಭೀಮಾತೀರದವ:
ಭಾಳ ಉಪಕಾರ ಆತ್ರಿ. ಇನ್ನೊಂದು ಕೇಳೋದೈತಿ. ಆಧಾರ್‌ನಾಗ ಅಪ್ಪನ ಹೆಸರು ಪೂರ್ತಿ ಐತಿ, ಮಾರ್ಕ್ಸ್ ಕಾರ್ಡಿನಾಗ ಇನಿಶಿಯಲ್ ಅಷ್ಟೇ. ತೊಂದರೆ ಆಗ್ತದೇನು? ಪೊಲೀಸ್ ವೆರಿಫಿಕೇಶನ್ ಇಲ್ಲೋ, ಊರಾಗೋ? ಮತ್ತ ಒಬ್ಬರು "ಮಂಡಳದಾಗ ಸೇರಿಸ್ತೀನಿ, ಖರ್ಚು ಆಗ್ತದ" ಅಂದಾರ.

ಹಡಪ್ಸರ್ ಪಗಾರ:
ಸೇರಿಸಿಕೊಳ್ಳುವಾಗ ಯಾರೂ ತಕರಾರು ಮಾಡಲ್ಲ, ತೊಂದರೆ ಬರುವುದು ಪಿಎಫ್ ಹಣ ತೆಗೆಯುವಾಗ. ಯುಎಎನ್ (ಪಿಎಫ್‌ನ ಕಾಯಂ ನಂಬರ್) ಆಧಾರ್ ಮೇಲೆ ನಡೆಯುತ್ತದೆ. ಬ್ಯಾಂಕ್ ಖಾತೆ ಮತ್ತು ಪ್ಯಾನ್ ಎರಡರಲ್ಲೂ ಹೆಸರು ಆಧಾರ್‌ನಲ್ಲಿದ್ದಂತೆಯೇ ಇರಲಿ. ಏಜೆನ್ಸಿಯ ಫಾರ್ಮನ್ನು ಅವನೇ ದೊಡ್ಡ ಅಕ್ಷರದಲ್ಲಿ ತುಂಬಲಿ. ಆಫೀಸಿನವರು ಕೇಳಿಸಿಕೊಂಡು ಬರೆದರೆ ನಮ್ಮ ಕಡೆಯ ಹೆಸರುಗಳು ಮರಾಠಿ ರೂಪಕ್ಕೆ ತಿರುಗಿಬಿಡುತ್ತವೆ. ಮುಂದೆ ಏಜೆನ್ಸಿ ಬದಲಾದರೂ ಯುಎಎನ್ ಅದೇ ಕೊಡಬೇಕು, ಹೊಸದು ಮಾಡಿಸಬಾರದು.

ವೆರಿಫಿಕೇಶನ್ ಕಾಯಂ ವಿಳಾಸಕ್ಕೂ ಕೇಳಬಹುದು, ಈಗಿನ ವಿಳಾಸಕ್ಕೂ ಕೇಳಬಹುದು. ಊರಿನದಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ. ಇಲ್ಲಿನದಕ್ಕೆ ಪಿಂಪರಿ-ಚಿಂಚವಾಡಕ್ಕೆ 2018ರಿಂದ ಪೊಲೀಸ್ ಕಮಿಷನರೇಟ್ ಬೇರೆಯೇ ಇದೆ, ಪುಣೆ ನಗರ ಪೊಲೀಸರ ಹೆಸರಿಗೆ ಹಾಕಿದರೆ ದಿನ ವ್ಯರ್ಥ. ನಿಮ್ಮ ಬಾಡಿಗೆ ಕರಾರಿನ ಪ್ರತಿ ಜೊತೆಗಿರಲಿ.

ಮಂಡಳ ಅಂದರೆ ಮಹಾರಾಷ್ಟ್ರದ 1981ರ ಗಾರ್ಡ್ ಕಾಯ್ದೆಯಡಿ ಇರುವ ಸುರಕ್ಷಾ ರಕ್ಷಕ ಮಂಡಳ. ಪುಣೆ ಜಿಲ್ಲೆಗೂ ಒಂದಿದೆ. ಅದರ ಕೆಲಸ ಒಳ್ಳೆಯದೇ. ಆದರೆ ಭರ್ತಿ ಇದೆಯಾ ಅಂತ ಮಂಡಳದ ಆಫೀಸಿನಲ್ಲೇ ಕೇಳಿ, ನಡುವೆ ನಿಂತವನಿಗೆ ಒಂದು ರೂಪಾಯಿಯೂ ಬೇಡ.