ಪದ ಬೇಕು: ಹಂದಿಯನ್ನು ಬಿಸಿನೀರಿಗೆ ಹಾಕಿ ಕೂದಲು ತೆಗೆಯೋದಕ್ಕೆ (ನಾಳೆ ಬೋರ್ಡು ಬರೆಸಬೇಕು)

ಚಿಂತಾಮಣಿಯಿಂದ

ಗೆಳೆಯರೇ, ಮನೆಯಲ್ಲೇ ಹಂದಿ ಕುಯ್ಯುವವರಿಗಾಗಿ ಇಂಗ್ಲಿಷಿನಲ್ಲಿರುವ ಎಂಟು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಶೆಡ್ಡಿನ ಗೋಡೆಗೆ ಎರಡು ಬೋರ್ಡು. ಪೇಂಟರ್ ನಾಳೆ ಬೆಳಗ್ಗೆ ಬರ್ತಾನೆ. ‘ಸ್ಕಾಲ್ಡಿಂಗ್’ ಅನ್ನೋದಕ್ಕೆ ನಿಘಂಟಿನಲ್ಲಿ ‘ಬಿಸಿನೀರಿನಿಂದ ಸುಡು’, ‘ಸುಟ್ಟ ಗಾಯ’ ಅಂತ ಸಿಗುತ್ತೆ. ಅದು ಮನುಷ್ಯರಿಗೆ ಆಗುವ ಅನಾಹುತ. ಇಲ್ಲಿ ಬೇಕಾದ್ದು ಬೇರೆ: ರಕ್ತ ಬಸಿದ ಹಂದಿಯನ್ನು ಬಿಸಿನೀರಲ್ಲಿಟ್ಟು ಕೂದಲ ಬುಡ ಸಡಿಲ ಮಾಡೋದು. ಎರಡನೆಯದು ‘ಡಿಹೇರಿಂಗ್’, ಹಾಗೆ ಸಡಿಲವಾದ ಕೂದಲು ತೆಗೆಯೋದು. ಸದ್ಯಕ್ಕೆ ‘ಬೇಯಿಸುವ ತೊಟ್ಟಿ’, ‘ಬೋಳಿಸುವ ಕಟ್ಟೆ’ ಅಂತ ಬರೆದಿಟ್ಟಿದ್ದೇನೆ, ಎರಡೂ ಸರಿಯಿಲ್ಲ ಅನ್ನಿಸುತ್ತೆ. ಬೋರ್ಡು ಮೂರಡಿ ಅಗಲ, ಹತ್ತು ಹನ್ನೆರಡು ಅಕ್ಷರ ಹಿಡಿದರೆ ಹೆಚ್ಚು.

ತುಮಕೂರಿನಿಂದ

ಉಷ್ಣಜಲ ನಿಮಜ್ಜನ. ರೋಮ ನಿರ್ಮೂಲನ.

ಮಾಲೂರಿನಿಂದ

ಬೇಡ. ಆ ಬೋರ್ಡು ಯಾರು ಓದಬೇಕೋ ಅವರಿಗೇ ತಿಳಿಯಲ್ಲ. ‘ನಿರ್ಮೂಲನ’ ರೋಗಕ್ಕೆ ಹೇಳುವ ಮಾತು.

ಆದರೆ ಮೇಡಂ, ‘ಬೇಯಿಸುವ’ ಅಂತ ಮಾತ್ರ ಖಂಡಿತ ಬರೆಸಬೇಡಿ. ಬರೆದ ಹಾಗೇ ಮಾಡಿಬಿಡ್ತಾರೆ. ನೀರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. 60ರಲ್ಲಿ ಐದಾರು ನಿಮಿಷ, 65ರಲ್ಲಿ ಮೂರು ನಾಲ್ಕು. 70 ದಾಟಿದ ನೀರಲ್ಲಿ ಬಿಟ್ಟರೆ ತೊಗಲು ಮುದುಡಿ ಕೂದಲ ಬುಡವನ್ನು ಬಿಗಿಯಾಗಿ ಹಿಡಿದುಬಿಡುತ್ತೆ. ಕೂದಲು ‘ಕಚ್ಚಿಕೊಳ್ತು’ ಅಂದರೆ ಅದೇ. ಆಮೇಲೆ ಎಷ್ಟು ಕೆರೆದರೂ ಬರಲ್ಲ. ಬರಲಿಲ್ಲ ಅಂತ ಇನ್ನೊಂದು ಬಿಂದಿಗೆ ಕುದಿನೀರು ಹುಯ್ದರೆ ತೊಗಲೇ ಬೆಂದು ಚೂರಿಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ, ಕೂದಲು ಅಲ್ಲೇ ನಿಂತಿರುತ್ತೆ.

ಥರ್ಮಾಮೀಟರ್ ಇಲ್ಲದ ಮನೆಗೆ ಕೈಪಿಡಿಯಲ್ಲಿ ಬಕೆಟ್ಟಿನ ಲೆಕ್ಕ ಕೊಡಿ. ಕೊತಕೊತ ಕುದಿಯೋ ನೀರು ಒಂದು ಬಕೆಟ್ಟಿಗೆ ತಣ್ಣೀರು ಒಂದು ಬಕೆಟ್ಟು. ತಣ್ಣೀರು 25 ಡಿಗ್ರಿ ಇದ್ದರೆ ಬೆರಕೆ 61, 62ಕ್ಕೆ ನಿಲ್ಲುತ್ತೆ. ತಣ್ಣಗಿರುವ ಡ್ರಮ್ಮು ಒಂದಷ್ಟು ಬಿಸಿ ಹೀರುತ್ತೆ, ಅದಕ್ಕೆ ಮೊದಲು ಒಂದು ಚೊಂಬು ಕುದಿನೀರು ಹಾಕಿ ಡ್ರಮ್ಮನ್ನು ತೊಳೆದು ಚೆಲ್ಲಬೇಕು. ನೆಲದ ಮೇಲೆ ಮಲಗಿಸಿ ಗೋಣಿಚೀಲ ಹೊದಿಸಿ ಮೇಲಿಂದ ಹುಯ್ಯೋದಾದರೆ ಕುದಿನೀರು ಮೂರು, ತಣ್ಣೀರು ಎರಡು. ಚೊಂಬಿನಿಂದ ಗೋಣಿಗೆ, ಗೋಣಿಯಿಂದ ತೊಗಲಿಗೆ ಇಳಿಯೋ ಹೊತ್ತಿಗೆ ಬಿಸಿ ಅಷ್ಟು ಇಳಿದಿರುತ್ತೆ.

ಮುಳಬಾಗಿಲಿನಿಂದ

ಇದಕ್ಕೆ ನಮ್ಮಲ್ಲೇ ಅಚ್ಚಗನ್ನಡದ ಪದವಿದೆ: ಬೆನ್ನೀರು. ತಣ್ + ನೀರು ತಣ್ಣೀರು ಆದ ಹಾಗೆ ಇದು ಬಿಸಿಯಾದ ನೀರು, ಹಳಗನ್ನಡದ ಬೆನ್ನೀರ್. ಜೋಡಿಯಲ್ಲಿ ಒಂದನ್ನು ಉಳಿಸಿಕೊಂಡೆವು, ಇನ್ನೊಂದನ್ನು ಕೈಬಿಟ್ಟೆವು. ತಮಿಳಿನಲ್ಲಿ ವೆನ್ನೀರ್–ತಣ್ಣೀರ್, ತೆಲುಗಿನಲ್ಲಿ ವೇನ್ನೀಳ್ಳು–ಚನ್ನೀಳ್ಳು, ಎರಡೂ ಕಡೆ ಜೋಡಿ ಜೀವಂತವಾಗಿದೆ. ಅವರ ‘ವ’ ನಮ್ಮ ‘ಬ’: ವೇರು–ಬೇರು, ವಿಲ್ಲು–ಬಿಲ್ಲು, ವಾಯ್–ಬಾಯಿ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಮನೆಯೊಳಗೆ ತೆಲುಗು ಮಾತಾಡುವವರು ಎಷ್ಟು ಜನ! ಅವರಿಗೆ ‘ಬೆನ್ನೀರ ತೊಟ್ಟಿ’ ಅಂದರೆ ಥಟ್ಟನೆ ಹೊಳೆಯುತ್ತೆ. ಬೋರ್ಡಿಗೂ ಹಿಡಿಸುತ್ತೆ.

ಗೌರಿಬಿದನೂರಿನಿಂದ

ಮೇಷ್ಟ್ರೇ, ಪದ ಚೆಂದ ಇದೆ. ಬೋರ್ಡಿಗೆ ಬೇಡ. ಇವತ್ತು ಓದುವವರು ಅದನ್ನು ‘ಬೆನ್ನು ನೀರು’ ಅಂತ ಬಿಡಿಸ್ಕೋತಾರೆ. ಅದಕ್ಕಿಂತ ದೊಡ್ಡ ತೊಡಕು ಪದದ ಒಳಗೇ ಇದೆ. ಬೇ, ಬೆಂದು, ಬೆಂಕಿ, ಬೆನ್ನೀರು ಎಲ್ಲಾ ಒಂದೇ ಬುಡದವು ಅಂತ ತಾವೇ ಒಪ್ತೀರಿ. ಇಲ್ಲಿ ಬೇಯಬಾರದು ಅನ್ನೋದೇ ಮುಖ್ಯ. ಬೇಯೋದನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡ ಪದವನ್ನು ತೊಟ್ಟಿಯ ಮೇಲೆ ಬರೆಯೋದು ಹೇಗೆ?

ಮುಳಬಾಗಿಲಿನಿಂದ

‘ಬಿಸಿ’ಯೂ ಅದೇ ಬುಡದ್ದು. ಹಳಗನ್ನಡದ ಬಿಸುಪು (ಬಿಸಿ), ಬಿಸುಗದಿರ (ಸೂರ್ಯ) ನೋಡಿ. ಹಾಗಾದರೆ ಅದನ್ನೂ ಬಿಡಿ.

ಶಿರಾದಿಂದ

ಬುಡದ ಜಗಳ ಆಮೇಲೆ ಮುಂದುವರಿಸಿ. ಎರಡನೇ ಬೋರ್ಡನ್ನು ಯಾರೂ ಮುಟ್ಟಲಿಲ್ಲ, ನನಗೆ ಅದೇ ಹೆಚ್ಚು ಮುಖ್ಯ.

‘ಬೋಳಿಸು’ ತಪ್ಪು. ಬೋಳಿಸಿದರೆ ಕೂದಲು ತೊಗಲಿನ ಮಟ್ಟಕ್ಕೆ ಕತ್ತರಿಸಿ ಹೋಗುತ್ತೆ, ಬುಡ ಒಳಗೇ ಉಳಿಯುತ್ತೆ. ಮಾಂಸ ಬೆಂದ ಮೇಲೆ ತೊಗಲಿನಲ್ಲಿ ಕಪ್ಪು ಚುಕ್ಕಿ, ನಾಲಗೆಗೆ ಮುಳ್ಳು. ‘ಹೆರೆ’ ಕೂಡ ಅಲ್ಲ: ಕೊಬ್ಬರಿ ಹೆರೆದರೆ ಕೊಬ್ಬರಿಯೇ ಬರುತ್ತೆ, ಬಿದಿರು ಹೆರೆದರೆ ಬಿದಿರೇ ಬರುತ್ತೆ. ಹಾಗೆ ಮಾಡಿದರೆ ತೊಗಲು ಹೋಗುತ್ತೆ. ‘ಕೀಳು’ ಪುಕ್ಕಕ್ಕೆ ಸರಿ. ಮೇಲೆ ಕೂತದ್ದನ್ನು ಬುಡಸಮೇತ ಒತ್ತಿ ತೆಗೆಯೋದಕ್ಕೆ ಇರುವ ಮಾತು ‘ಕೆರೆ’. ಕುರಿಯ ತಲೆಕಾಲು ಸುಟ್ಟು ಏನು ಮಾಡ್ತೀವಿ? ಕೆರೀತೀವಿ. ಅದೇ ಇಲ್ಲೂ.

ಕೆರೆಯೋ ರೀತಿಯೂ ಪದದಲ್ಲೇ ಇದೆ. ಚೂರಿಯ ಬಾಯಿ ಮೊಂಡಾಗಿರಬೇಕು, ತೊಗಲಿಗೆ ನೆಟ್ಟಗೆ ಹಿಡಿದು ಕೂದಲು ಮಲಗಿದ ದಿಕ್ಕಿಗೇ ಎಳೀಬೇಕು. ಸ್ಟೀಲ್ ಲೋಟದ ಅಂಚು ಚೂರಿಗಿಂತ ವಾಸಿ, ದುಂಡಗಿರೋದರಿಂದ ತೊಗಲು ಸೀಳಲ್ಲ. ಮೊದಲು ತಲೆ, ಕಿವಿ, ಕಾಲು, ಬಾಲ. ಇವು ತೆಳುವಾಗಿರೋದರಿಂದ ಬೇಗ ಆರುತ್ತವೆ, ಆರಿದರೆ ಮತ್ತೆ ಬಿಗಿಯುತ್ತೆ. ಬೆನ್ನು, ಪಕ್ಕೆ ದಪ್ಪ, ಬೇಗ ಆರಲ್ಲ. ಕಂಕುಳು, ತೊಡೆಸಂದಿನಲ್ಲಿ ತೊಗಲು ಮಡಿಕೆ ಬೀಳುತ್ತೆ. ಒಬ್ಬರು ಕಾಲು ಹಿಡಿದು ಜಗ್ಗಿ ತೊಗಲು ಬಿಗಿ ಮಾಡಿಕೊಡಬೇಕು, ಇನ್ನೊಬ್ಬರು ಕೆರೆಯಬೇಕು. ಗೊರಸಿನ ಚಿಪ್ಪು ಬಿಸಿ ಇರೋವಾಗಲೇ ಕೊಕ್ಕೆ ಹಾಕಿ ತಿರುವಿದರೆ ಕಳಚಿ ಬರುತ್ತೆ. ಆರಿದರೆ ಬರೋದು ಕಷ್ಟ.

ಒಂದು ಎಚ್ಚರಿಕೆ. ‘ಕೆರೆಕಟ್ಟೆ’ ಅಂತ ಕೂಡಿಸಿ ಬರೆಸಬೇಡಿ. ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ನೀರು ನಿಲ್ಲೋ ಕೆರೆ ಮತ್ತೆ ಅದರ ಕಟ್ಟೆ. ‘ಕೂದಲು ಕೆರೆಯೋ ಜಾಗ’ ಅನ್ನಿ.

ತುಮಕೂರಿನಿಂದ

‘ಕೆರೆಯೋ’ ಬೋರ್ಡಿನ ಭಾಷೆಯಲ್ಲ. ಬರವಣಿಗೆಗೆ ಒಂದು ಘನತೆ ಬೇಕು. ‘ಕೆರೆಯುವ’ ಎಂದಾದರೂ ಬರೆಸಿ. ಅದಿರಲಿ, ಡ್ರಮ್ಮು, ಬಕೆಟ್ಟು, ಥರ್ಮಾಮೀಟರು ಎಲ್ಲವೂ ಯಾವ ತಕರಾರೂ ಇಲ್ಲದೆ ಒಳಗೆ ಬಂದವು. ಸಂಸ್ಕೃತದ ಎರಡು ಪದ ಬಂದರೆ ಮಾತ್ರ ಬಾಗಿಲು ಹಾಕುತ್ತೀರಿ. ಎರವಲು ಎಂದರೆ ಎಲ್ಲವೂ ಎರವಲೇ ಅಲ್ಲವೇ?

ಮಾಲೂರಿನಿಂದ

ಅಲ್ಲ. ಡ್ರಮ್ಮು ಅಂಗಳದಲ್ಲಿ ನಿಂತಿದೆ, ಅದಕ್ಕೆ ಎಲ್ಲರೂ ಅದೇ ಹೆಸರು ಕರೀತಾರೆ. ಉಷ್ಣಜಲ ಯಾವ ಅಂಗಳದಲ್ಲಿದೆ? ಎರವಲು ಎಲ್ಲಿಂದ ಬಂತು ಅನ್ನೋದಲ್ಲ, ಕೆಲಸದವರ ಬಾಯಲ್ಲಿ ಇದೆಯೋ ಇಲ್ಲವೋ ಅನ್ನೋದು ಪ್ರಶ್ನೆ. ‘ಕೆರೆಯುವ’ ಆಗಲಿ, ಅದಕ್ಕೆ ನನ್ನ ತಕರಾರಿಲ್ಲ.

ಮುಳಬಾಗಿಲಿನಿಂದ

ಬಾಯಲ್ಲಿ ಇದೆಯೇ ಅನ್ನೋದೊಂದೇ ಅಳತೆಗೋಲಾದರೆ ಇನ್ನೊಂದು ತಲೆಮಾರಿಗೆ ತಣ್ಣೀರೂ ಹೋಗಿ ‘ಕೋಲ್ಡ್ ವಾಟರ್’ ಉಳಿಯುತ್ತೆ. ಹೋದ ಪದವನ್ನು ತಿರುಗಿ ಬಳಕೆಗೆ ತರೋದೂ ನಮ್ಮ ಕೆಲಸವೇ. ಬೋರ್ಡಿಗೆ ಬೇಡವಾದರೆ ಕೈಪಿಡಿಯ ಒಳಗಾದರೂ ಒಂದು ಕಡೆ ಬೆನ್ನೀರು ಬರಲಿ. ಕೇಳಿಕೊಳ್ಳುತ್ತೇನೆ.

ಬಾಗೇಪಲ್ಲಿಯಿಂದ

ನಮ್ಮ ಕಡೆ ಬಹಳ ಮನೆಗಳಲ್ಲಿ ನೀರೇ ಹುಯ್ಯಲ್ಲ, ಸುಡ್ತಾರೆ. ‘ಹಂದಿ ಸುಡೋದು’ ಅಂದರೆ ಕೂದಲು ಸುಡೋದು ಅಂತಲೇ ಅರ್ಥ, ಅಡುಗೆ ಅಲ್ಲ. ಅದಕ್ಕೇ ನಿಘಂಟಿನ ‘ಬಿಸಿನೀರಿನಿಂದ ಸುಡು’ ಇಲ್ಲಿ ಇನ್ನೂ ಗೊಂದಲ ಮಾಡುತ್ತೆ, ಎರಡೂ ಬೇರೆ ಬೇರೆ ಕೆಲಸ. ಸುಡೋದಕ್ಕೆ ಒಣಗಿದ ತೆಂಗಿನ ಗರಿ, ಹುಲ್ಲು. ಟೈರು ಬೇಡವೇ ಬೇಡ, ಆ ಹೊಗೆಯ ವಿಷ ತೊಗಲಿಗೆ ಹತ್ತುತ್ತೆ. ಕೈಪಿಡಿಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿ. ಬಿಸಿನೀರಿಗೆ ಹಾಕಿ ಕೆರೆದವರೂ ಕೊನೆಗೆ ಅಲ್ಲಲ್ಲಿ ಉಳಿದ ನವಿರು ಕೂದಲಿಗೆ ಒಂದು ಸಲ ಬೆಂಕಿ ತೋರಿಸಿ, ತಣ್ಣೀರು ಹಾಕಿ ಉಜ್ಜಿ, ಅರಿಶಿನ ಬಳೀತಾರೆ. ಆ ಹಂತಕ್ಕೆ ‘ಬೆಂಕಿ ತೋರಿಸು’ ಸಾಕು, ಬೇರೆ ಪದ ಹುಡುಕಬೇಡಿ.

ಚಿಂತಾಮಣಿಯಿಂದ

ತುಂಬಾ ಉಪಕಾರ ಆಯ್ತು. ‘ಅದ್ದುವ ತೊಟ್ಟಿ’ ಅಂದರೆ ಹೇಗೆ? ಕೋಳಿಯನ್ನು ಬಿಸಿನೀರಿಗೆ ಅದ್ದಿ ಪುಕ್ಕ ಕೀಳ್ತೀವಲ್ಲ, ಅದೇ ಮಾತು.

ಶಿರಾದಿಂದ

ಕೈಪಿಡಿಯೊಳಗೆ ‘ಬಿಸಿನೀರಿಗೆ ಅದ್ದು’ ಸರಿಯಾದ ಮಾತು. ಬೋರ್ಡಿಗೆ ಬರೀ ‘ಅದ್ದುವ ತೊಟ್ಟಿ’ ಬೇಡ. ಕುರಿಯವರು ಅದನ್ನು ಉಣ್ಣೆಯ ಹುಳುವಿಗೆ ಔಷಧಿ ಕಲಸಿ ಕುರಿ ಅದ್ದುವ ತೊಟ್ಟಿ ಅಂತ ತಿಳಿಯುತ್ತಾರೆ. ‘ಬಿಸಿನೀರ ತೊಟ್ಟಿ’ ಅಂತಲೇ ಬರೆಸಿ.

ಮಾಲೂರಿನಿಂದ

ಒಪ್ಪಿದೆ. ಕೆಳಗೆ ಸಣ್ಣಕ್ಷರದಲ್ಲಿ ‘ಕುದಿನೀರು ಬೇಡ, 60–65 ಡಿಗ್ರಿ’. ಕೈಪಿಡಿಯಲ್ಲಿ ಇನ್ನೂ ಮೂರು ಮಾತು ಬಿಡಬೇಡಿ. ಒಂದು, ಹಂದಿ ಪೂರ್ತಿ ಸತ್ತಿದೆ ಅಂತ ಖಾತ್ರಿಯಾಗದೆ ನೀರಿಗೆ ಇಳಿಸಬಾರದು. ಕಣ್ಣುಗುಡ್ಡೆ ಮುಟ್ಟಿದರೆ ರೆಪ್ಪೆ ಅಲುಗಬಾರದು. ಉಸಿರು ಉಳಿದಿದ್ದರೆ ಅದು ಹಿಂಸೆ, ಮೇಲಾಗಿ ಕೊಳಕು ನೀರು ಶ್ವಾಸಕೋಶಕ್ಕೆ ಹೋಗುತ್ತೆ. ಎರಡು, ತೊಟ್ಟಿಯಲ್ಲಿ ಸುಮ್ಮನೆ ಬಿಡದೆ ತಿರುಗಿಸ್ತಾ ಇರಬೇಕು, ಇಲ್ಲವಾದರೆ ತಳ ತಾಗಿದ ಕಡೆ ಬೇಯುತ್ತೆ. ಮೂರು, ಅರ್ಧ ನಿಮಿಷಕ್ಕೊಮ್ಮೆ ಬೆನ್ನಿನ ಕೂದಲು ಎಳೆದು ನೋಡಬೇಕು. ಸಲೀಸಾಗಿ ಬುಡಸಮೇತ ಕೈಗೆ ಬಂದರೆ ತಕ್ಷಣ ಎತ್ತಬೇಕು. ನೀರಿಗೆ ಎರಡು ಹಿಡಿ ಒಲೆಬೂದಿ ಹಾಕಿದರೆ ಮೇಲಿನ ಹೊಟ್ಟು ಬೇಗ ಬಿಡುತ್ತೆ.

ಚಿಂತಾಮಣಿಯಿಂದ

ಬೋರ್ಡು ಒಂದು: ಬಿಸಿನೀರ ತೊಟ್ಟಿ. ಎರಡು: ಕೂದಲು ಕೆರೆಯುವ ಜಾಗ. ಬಕೆಟ್ಟಿನ ಲೆಕ್ಕದ ಪುಟದಲ್ಲಿ ಮೇಷ್ಟ್ರ ಬೆನ್ನೀರನ್ನು ತಣ್ಣೀರಿನ ಪಕ್ಕದಲ್ಲೇ ಇಡ್ತೀನಿ, ಅಲ್ಲಿ ಅರ್ಥ ತಾನಾಗಿ ತಿಳಿಯುತ್ತೆ. ಗೊರಸಿನ ‘ಚಿಪ್ಪು’ ಅನ್ನೋದಕ್ಕೆ ಕೋಲಾರದ ಕಡೆ ಬೇರೆ ಹೆಸರಿದ್ದರೆ ರಾತ್ರಿಯೊಳಗೆ ತಿಳಿಸಿ, ಆ ಪುಟ ಇನ್ನೂ ಅಚ್ಚಿಗೆ ಕೊಟ್ಟಿಲ್ಲ.